ಶಹೀದ್ ಎಂಬ ಸಾಂತ್ವನವೂ ನಮ್ಮ ವಿಳಂಬವೂ

ಕೆಲವು ತಿಂಗಳುಗಳ ಹಿಂದೆ ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರ ಮನೆಗೆ ನಾವು ಸಾಂತ್ವನ ಹೇಳಲು ಹೋಗಿದ್ದೆವು. ಇಪ್ಪತ್ತನಾಲ್ಕರ ಹರೆಯದ ಯುವತಿಯೊಬ್ಬಳು ತನ್ನ ಎರಡನೆಯ ಹೆರಿಗೆಯ ಮರುದಿನ ಇಹಲೋಕವನ್ನು ತ್ಯಜಿಸಿದ್ದಳು. ಜಗಲಿಯಲ್ಲಿ ಕುಳಿತಿದ್ದ ಹಿರಿಯರು, "ಹೆರಿಗೆಯಲ್ಲಿ ತೀರಿಕೊಂಡವಳು ಶಹೀದ್. ಅವಳು ಭಾಗ್ಯವಂತೆ" ಎಂದು ಆಕೆಯ ತಂದೆಯನ್ನು ಸಂತೈಸುತ್ತಿದ್ದರು. ತಂದೆ ತಲೆ ತಗ್ಗಿಸಿ ಕೇಳುತ್ತಿದ್ದರು. ಒಳಗಿನಿಂದ ಹಸುಳೆಯ ಅಳು ಕೇಳಿಸುತ್ತಿತ್ತು. ನಾವೂ ಅದೇ ಮಾತನ್ನು ಹೇಳಿ, ದುಆ ಮಾಡಿ ಎದ್ದೆವು.

ರಸ್ತೆಯವರೆಗೆ ನಮ್ಮನ್ನು ಬೀಳ್ಕೊಡಲು ಬಂದ ಆಕೆಯ ಸಹೋದರ ನಡೆದುದನ್ನು ವಿವರಿಸಿದ. ಮಧ್ಯಾಹ್ನ ಸಮೀಪದ ಸಣ್ಣ ಆಸ್ಪತ್ರೆಯೊಂದರಲ್ಲಿ ಹೆರಿಗೆ ಸುಸೂತ್ರವಾಗಿ ನಡೆದಿತ್ತು. ಸಿಹಿಯನ್ನೂ ಹಂಚಲಾಗಿತ್ತು. ಆ ಬಳಿಕ ರಕ್ತಸ್ರಾವ ನಿಲ್ಲಲಿಲ್ಲ. "ಸ್ವಲ್ಪ ರಕ್ತ ಹೋಗುವುದು ಸಹಜ" ಎಂದು ಎಲ್ಲರೂ ಸುಮ್ಮನಾದರು. ಮಂಗಳೂರಿಗೆ ಕೊಂಡೊಯ್ಯಬೇಕೆಂದು ವೈದ್ಯರು ಹೇಳಿದಾಗ ಅಸರ್ ಸಮಯ ಕಳೆದಿತ್ತು. ಗಂಡ ಸೌದಿಯಲ್ಲಿ ಕೆಲಸದ ಮೇಲಿದ್ದ, ಕರೆ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಅವನನ್ನು ಕೇಳದೆ ಒಪ್ಪುವುದು ಹೇಗೆಂದು ಅತ್ತೆಯೂ ಮಾವನೂ ಕಾದರು. ಮಗ್ರಿಬ್ ಆಯಿತು. ವಾಹನ ಬಂತು, ಬಿ.ಸಿ.ರೋಡಿನ ದಟ್ಟಣೆಯಲ್ಲಿ ನಿಂತಿತು. ಮಂಗಳೂರಿನಲ್ಲಿ ರಕ್ತ ಬೇಕೆಂದರು. ಅದೇ ಗುಂಪಿನ ರಕ್ತದಾನಿಗಳು ದೊರೆಯುವಾಗ ಇಶಾ ಮುಗಿದಿತ್ತು. ಇಷ್ಟನ್ನು ಹೇಳಿದ ಬಳಿಕ ಆತ ಕೇಳಿದ: "ಮೌಲವಿಯವರೇ, ಅವಳು ಶಹೀದ್ ಎಂಬುದನ್ನು ನಾನು ನಂಬುತ್ತೇನೆ. ಆದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ನಾವು ಮಾಡಿದ್ದಕ್ಕೆ ಏನು ಹೆಸರು?"

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಅದನ್ನು ಸಮುದಾಯದ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹೆರಿಗೆಯ ಕಾರಣದಿಂದ ಮರಣ ಹೊಂದುವ ಮಹಿಳೆಗೆ ಶಹಾದತ್‌ನ ಸ್ಥಾನವಿದೆಯೆಂಬುದು ಹದೀಸ್ ಗ್ರಂಥಗಳಲ್ಲಿ ಬಂದಿರುವ ವಿಷಯ. ಅದರಲ್ಲಿ ಯಾರಿಗೂ ಸಂಶಯ ಬೇಡ. ಆದರೆ ಅದೇ ವರದಿಯು ಪ್ಲೇಗಿನಿಂದ ಸತ್ತವನನ್ನೂ ನೀರಿನಲ್ಲಿ ಮುಳುಗಿದವನನ್ನೂ ಕಟ್ಟಡ ಕುಸಿದು ಅದರಡಿ ಸಿಲುಕಿದವನನ್ನೂ ಶಹೀದರ ಸಾಲಿನಲ್ಲಿ ಸೇರಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಹಾಗೆಂದು ಯಾವ ತಂದೆಯಾದರೂ ಮಳೆಗಾಲದ ನೇತ್ರಾವತಿಗೆ ಮಗುವನ್ನು ಇಳಿಯಬಿಡುತ್ತಾನೆಯೇ? ಬಿರುಕು ಬಿಟ್ಟ ಗೋಡೆಯ ಕೆಳಗೆ ಚಾಪೆ ಹಾಸುತ್ತಾನೆಯೇ? ಪ್ಲೇಗಿನಿಂದ ಸತ್ತವನು ಶಹೀದನೆಂದ ಪ್ರವಾದಿ(ಸ)ರೇ ಪ್ಲೇಗ್ ಹರಡಿದ ಊರನ್ನು ಪ್ರವೇಶಿಸಬಾರದು, ಆ ಊರಿನಲ್ಲಿದ್ದವರು ಹೊರಬರಬಾರದು ಎಂದು ಕಲಿಸಿದರು. ಅಂದರೆ ಶಹಾದತ್‌ನ ವಾಗ್ದಾನವಿರುವುದು ಕಳೆದುಕೊಂಡವರ ಸಾಂತ್ವನಕ್ಕಾಗಿ. ಉಳಿಸಬಹುದಾಗಿದ್ದ ಜೀವವನ್ನು ಉಳಿಸದವರ ನೆಮ್ಮದಿಗಾಗಿ ಅಲ್ಲ. ಈ ಎರಡನ್ನು ಬೆರೆಸಿದವರು ನಾವು.

ಇನ್ನು ವಿಧಿಯ ಮಾತು. ಪ್ರತಿಯೊಬ್ಬರ ಮರಣದ ಗಳಿಗೆಯು ಅಲ್ಲಾಹನ ಬಳಿ ನಿರ್ಧಾರವಾಗಿದೆ ಎಂಬುದು ನಮ್ಮ ವಿಶ್ವಾಸ. ಆದರೆ ಈ ವಿಶ್ವಾಸವು ಕಾರಣಗಳನ್ನು ಅರಸುವ ಹೊಣೆಯಿಂದ ನಮ್ಮನ್ನು ಮುಕ್ತಗೊಳಿಸುವುದಿಲ್ಲ. ಅಂಕಿಅಂಶಗಳನ್ನೇ ನೋಡೋಣ. ಸರಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001-03ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಅವಧಿಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದಲ್ಲಿ ಅದು 19. ತಲಪಾಡಿಯ ಗಡಿಯನ್ನು ದಾಟಿದೊಡನೆ ವಿಧಿ ಬದಲಾಗುತ್ತದೆಯೇ? ಎರಡು ದಶಕಗಳಲ್ಲಿ ತಾಯಂದಿರ ಹಣೆಬರಹವನ್ನು ತಿದ್ದಿ ಬರೆಯಲಾಯಿತೇ? ಇಲ್ಲ. ಬದಲಾದದ್ದು ಜ್ಞಾನ, ವ್ಯವಸ್ಥೆ ಮತ್ತು ಸಕಾಲದ ನಿರ್ಧಾರ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 2 ಲಕ್ಷ 60 ಸಾವಿರ ಮಹಿಳೆಯರು ಗರ್ಭಧಾರಣೆ ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಮರಣ ಹೊಂದಿದರು. ಮುಖ್ಯ ಕಾರಣಗಳು ಬಹಳ ಹಿಂದಿನಿಂದಲೂ ತಿಳಿದಿರುವಂಥವೇ: ಹೆರಿಗೆಯ ಬಳಿಕದ ಅತಿ ರಕ್ತಸ್ರಾವ, ಗರ್ಭಿಣಿಯರ ರಕ್ತದೊತ್ತಡ, ಸೋಂಕು. ಇವುಗಳ ಹಿಂದೆ ಮೌನವಾಗಿ ನಿಂತಿರುವುದು ರಕ್ತಹೀನತೆ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಮೈಯಲ್ಲಿ ರಕ್ತವೇ ಕಡಿಮೆಯಿರುವವಳಿಗೆ, ಇತರರು ತಾಳಿಕೊಳ್ಳಬಹುದಾದ ರಕ್ತಸ್ರಾವವೂ ಮಾರಕವಾಗುತ್ತದೆ.

ಈ ಸಾವನ್ನು ತಡೆಯುವ ಜ್ಞಾನವು ಲಂಡನ್ನಿನಲ್ಲೋ ಅಮೆರಿಕದಲ್ಲೋ ಇದೆಯೆಂದು ನಾವು ಭಾವಿಸುತ್ತೇವೆ. ಅದರ ಒಂದು ಮುಖ್ಯ ಭಾಗ ನಮ್ಮದೇ ರಾಜ್ಯದ ಬೆಳಗಾವಿಯ ಹಳ್ಳಿಗಳಲ್ಲಿ ಹುಟ್ಟಿತೆಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರೊಂದಿಗೆ ಸೇರಿ 1,620 ಗ್ರಾಮೀಣ ತಾಯಂದಿರ ಮೇಲೆ ನಡೆಸಿದ ಅಧ್ಯಯನವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಕೂಡಲೇ ಕಿರಿಯ ಆರೋಗ್ಯ ಸಹಾಯಕಿಯರು ತಾಯಿಗೆ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ನುಂಗಲು ಕೊಟ್ಟರು. ಮಾತ್ರೆ ಪಡೆಯದ ಗುಂಪಿನಲ್ಲಿ ಶೇ. 12ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು.

ಅದೇ ಬೆಳಗಾವಿಯಲ್ಲಿ ಇನ್ನೊಂದು ಸರಳ ಸಾಧನವೂ ಪರೀಕ್ಷೆಗೊಳಗಾಯಿತು. ಹೆರಿಗೆಯಾದ ತಕ್ಷಣ ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸು ಅದು. ಹರಿದ ರಕ್ತ ಅದರ ಚೀಲದಲ್ಲಿ ಸಂಗ್ರಹವಾಗುತ್ತದೆ, ಎಷ್ಟೆಂಬುದು ಗೆರೆಯಿಂದ ತಿಳಿಯುತ್ತದೆ. ಕಣ್ಣಂದಾಜಿನಲ್ಲಿ ಹೇಳಿದ ಪ್ರಮಾಣವು ಹಾಸಿನ ಅಳತೆಗಿಂತ ಶೇ. 33ರಷ್ಟು ಕಡಿಮೆಯಿರುತ್ತಿತ್ತೆಂದು 2006ರ ವರದಿ ಹೇಳಿತು. "ಸ್ವಲ್ಪ ರಕ್ತ ಹೋಗುವುದು ಸಹಜ" ಎಂಬ ಮಾತು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೇ?

ಅಂತಹ ಅಳತೆಯ ಹಾಸನ್ನೇ ಆಧಾರವಾಗಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಇ-ಮೋಟಿವ್ ಅಧ್ಯಯನ ನಡೆಯಿತು. ರಕ್ತವನ್ನು ಅಳೆಯುವುದು, ಮಿತಿ ಮೀರಿದೊಡನೆ ಗರ್ಭಕೋಶದ ಮರ್ದನ, ಅದು ಸಂಕುಚಿಸುವಂತೆ ಮಾಡುವ ಔಷಧ, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ರಕ್ತನಾಳದ ಮೂಲಕ ದ್ರಾವಣ, ಕಾರಣದ ಪರೀಕ್ಷೆ - ಇವಿಷ್ಟನ್ನೂ ಒಂದರ ನಂತರ ಒಂದಾಗಿ ಕಾಯುತ್ತಾ ಮಾಡದೆ ಒಟ್ಟಿಗೇ ಮಾಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಮತ್ತು ಅದರಿಂದಾಗುವ ಸಾವು - ಇವುಗಳ ಒಟ್ಟು ಪ್ರಮಾಣ ಶೇ. 60ರಷ್ಟು ಕುಗ್ಗಿತು. ಇದರಲ್ಲಿ ಹೊಸದಾಗಿ ಕಂಡುಹಿಡಿದ ಔಷಧ ಒಂದೂ ಇರಲಿಲ್ಲ. ಹಳೆಯ ಔಷಧಗಳನ್ನು ತಡಮಾಡದೆ ಕೊಟ್ಟದ್ದೇ ಹೊಸತು.

ತಡಮಾಡುವುದರ ಬೆಲೆಯೆಷ್ಟು ಎಂಬುದನ್ನೂ ವಿಜ್ಞಾನ ಲೆಕ್ಕ ಹಾಕಿದೆ. ಟ್ರಾನೆಕ್ಸಾಮಿಕ್ ಆಸಿಡನ್ನು 21 ದೇಶಗಳ 20 ಸಾವಿರ ತಾಯಂದಿರಲ್ಲಿ ಪರೀಕ್ಷಿಸಿದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾಗುತ್ತದೆಂದು ಅದು ತೋರಿಸಿತು. ಮರುವರ್ಷದ ವಿಶ್ಲೇಷಣೆಯು ಪ್ರತಿ 15 ನಿಮಿಷದ ವಿಳಂಬಕ್ಕೆ ಈ ಔಷಧದ ಪ್ರಯೋಜನ ಶೇ. 10ರಷ್ಟು ಕುಗ್ಗುತ್ತದೆಂದೂ ಮೂರು ಗಂಟೆಗಳ ಬಳಿಕ ಪ್ರಯೋಜನವೇ ಉಳಿಯುವುದಿಲ್ಲವೆಂದೂ ಹೇಳಿತು. ಅಸರ್‌ನಿಂದ ಮಗ್ರಿಬ್‌ವರೆಗೆ ಸೌದಿಯ ಕರೆಗಾಗಿ ಕಾದ ಆ ಮನೆಯಲ್ಲಿ ಇಂತಹ ಎಷ್ಟು ಹದಿನೈದು ನಿಮಿಷಗಳು ಕಳೆದುಹೋದವು!

ಇತರ ಸಂಶೋಧನೆಗಳೂ ನಮ್ಮ ರಾಜ್ಯದ ತಾಯಂದಿರ ಸಹಕಾರದಿಂದಲೇ ನಡೆದಿವೆ. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ ಬಹುದೇಶೀಯ ಅಧ್ಯಯನವು, ಚೊಚ್ಚಲ ಗರ್ಭಿಣಿಯರಿಗೆ ಆರಂಭದಿಂದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆಗಳು ಕಡಿಮೆಯಾಗುತ್ತವೆಂದು 2020ರಲ್ಲಿ ತೋರಿಸಿತು. 2023ರ ಇನ್ನೊಂದು ಅಧ್ಯಯನದಲ್ಲಿ, ಹೆರಿಗೆ ನೋವಿನ ಸಮಯದಲ್ಲಿ ಒಂದೇ ಬಾರಿ ಕೊಟ್ಟ ಅಜಿತ್ರೊಮೈಸಿನ್, ತಾಯಿಯ ರಕ್ತಕ್ಕೆ ನಂಜೇರುವ ಅಥವಾ ಆಕೆ ಸಾಯುವ ಸಂಭವವನ್ನು ಶೇ. 2.4ರಿಂದ 1.6ಕ್ಕೆ ಇಳಿಸಿತು. ರಕ್ತದೊತ್ತಡದ ತೊಡಕನ್ನು ತಡೆಯಲು ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ, 1,500 ಮಿಲಿಗ್ರಾಂನಷ್ಟೇ ಪರಿಣಾಮಕಾರಿಯೆಂದು ಬೆಂಗಳೂರು ಮತ್ತು ತಾಂಜಾನಿಯಾಗಳಲ್ಲಿ ನಡೆದ ಅಧ್ಯಯನ 2024ರಲ್ಲಿ ಹೇಳಿತು. ಯಾರಿಗೆ ಯಾವುದು ಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಗರ್ಭಿಣಿಯು ವೈದ್ಯರ ಬಳಿಗೆ ಮೂರನೆಯ ತಿಂಗಳಲ್ಲೇ ಹೋಗಬೇಕು. ಏಳನೆಯ ತಿಂಗಳಲ್ಲಿ ಮೊದಲ ಬಾರಿ ಹೋದರೆ ಈ ಪ್ರಯೋಜನಗಳಲ್ಲಿ ಕೆಲವು ಕೈತಪ್ಪಿರುತ್ತವೆ.

ಇಂತಹ ಚಿಕಿತ್ಸೆಗಳಿಗೆ ಧರ್ಮ ಅಡ್ಡಿಯೆಂಬ ಭ್ರಮೆ ನಮ್ಮ ಸಮುದಾಯದ ಒಂದು ಅಂಚಿನಲ್ಲಿ ಇನ್ನೂ ಜೀವಂತವಿದೆ. 2025ರ ಎಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತನ್ನ ಐದನೆಯ ಮಗುವಿಗೆ ಮನೆಯಲ್ಲೇ ಜನ್ಮವಿತ್ತ ಮಹಿಳೆಯೊಬ್ಬಳು ಚಿಕಿತ್ಸೆಯಿಲ್ಲದೆ ಮೃತಪಟ್ಟಳು, ಗಂಡನ ಬಂಧನವಾಯಿತು. ತಾಯಿಮರಣ ಅತಿ ಕಡಿಮೆಯಿರುವ ರಾಜ್ಯದಲ್ಲೇ ಇದು ನಡೆಯಿತು. ಆಧುನಿಕ ವೈದ್ಯವನ್ನು ನಿರಾಕರಿಸುವುದನ್ನೇ ಧಾರ್ಮಿಕತೆಯೆಂದು ಬೋಧಿಸುವವರು ನಮ್ಮ ಪರಂಪರೆಯನ್ನು ಓದಿದವರಲ್ಲ. ಹತ್ತನೆಯ ಶತಮಾನದ ಕೊರ್ದೋವದಲ್ಲಿ ಅರೀಬ್ ಬಿನ್ ಸಅದ್ ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಆರೈಕೆಯ ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದರು. ಅದೇ ನಾಡಿನ ಅಬುಲ್ ಕಾಸಿಮ್ ಝಹ್ರಾವಿಯವರು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಕಷ್ಟದ ಹೆರಿಗೆಗಳನ್ನು ನಿಭಾಯಿಸುವ ಬಗೆಯನ್ನೂ ಉಪಕರಣಗಳ ಚಿತ್ರಗಳನ್ನೂ ಸೂಲಗಿತ್ತಿಯರಿಗೆ ಸೂಚನೆಗಳನ್ನೂ ಕೊಟ್ಟರು. ಗರ್ಭಿಣಿ ಸತ್ತು ಗರ್ಭದಲ್ಲಿನ ಮಗು ಬದುಕಿದ್ದರೆ ಹೊಟ್ಟೆಯನ್ನು ಸೀಳಿಯಾದರೂ ಮಗುವನ್ನು ಹೊರತೆಗೆಯಬೇಕೆಂದು ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬ್‌ನ ವಿದ್ವಾಂಸರು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಮೃತದೇಹದ ಗೌರವಕ್ಕಿಂತಲೂ ಜೀವದ ರಕ್ಷಣೆ ಮುಂದೆಂದು ಕಂಡವರು ಅವರು. ವೈದ್ಯೆ ಲಭ್ಯವಿಲ್ಲದ ತುರ್ತಿನಲ್ಲಿ ಪುರುಷ ವೈದ್ಯನು ಚಿಕಿತ್ಸೆ ನೀಡಬಹುದೆಂಬುದೂ ಫಿಕ್‌ಹ್‌ನ ಪರಿಚಿತ ವಿಧಿ.

ಕುರ್‌ಆನ್ ಹ. ಮರ್ಯಮ್(ಅ)ರ ಪ್ರಸವವೇದನೆಯನ್ನು ಪ್ರಸ್ತಾಪಿಸುವಾಗ ಆಕೆಗೆ ನೀರು ಮತ್ತು ಖರ್ಜೂರದ ವ್ಯವಸ್ಥೆಯಾದುದನ್ನು ತಿಳಿಸುತ್ತದೆ. ಪವಾಡದ ಮಗುವನ್ನು ಹೆತ್ತ ಆ ತಾಯಿಗೂ ಮರವನ್ನು ಅಲುಗಿಸುವ ಕೆಲಸವನ್ನು ಬಿಟ್ಟುಕೊಡಲಾಯಿತು. ಇದರಲ್ಲಿ ನಮಗೆ ಪಾಠವಿಲ್ಲವೇ?

ಹಾಗಾದರೆ ನಮ್ಮ ಮೂರು ತಾಲೂಕುಗಳಲ್ಲಿ ವಿಳಂಬವಾಗುವುದೆಲ್ಲಿ? ತಜ್ಞರು ಮೂರು ವಿಳಂಬಗಳನ್ನು ಗುರುತಿಸುತ್ತಾರೆ: ಮನೆಯಲ್ಲಿ ನಿರ್ಧರಿಸುವ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುವ ವಿಳಂಬ. ಬಂಟ್ವಾಳದಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60. ಚಾರ್ಮಾಡಿಯ ತಪ್ಪಲಿನ ಹಳ್ಳಿಗಳಿಗೆ ಇನ್ನೂ ದೂರ. ಅಲ್ಲಿಂದ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೋ ವೈದ್ಯಕೀಯ ಕಾಲೇಜುಗಳಿಗೋ ತಲುಪಲು ಎರಡು ಗಂಟೆ ಬೇಕಾದರೆ, ಮನೆಯಲ್ಲಿ ವ್ಯರ್ಥಗೊಳಿಸಲು ಒಂದು ನಿಮಿಷವೂ ಉಳಿಯುವುದಿಲ್ಲ.

ದೂರದ ಹೊಣೆ ನಮ್ಮದಲ್ಲ, ಮನೆಯ ವಿಳಂಬ ಸಂಪೂರ್ಣ ನಮ್ಮದು. ಗಲ್ಫಿನಲ್ಲಿ ದುಡಿಯುವ ಗಂಡನ ಒಪ್ಪಿಗೆಗಾಗಿ ಕಾಯುವುದು ಪ್ರೀತಿಯೂ ಅಲ್ಲ, ಶಿಸ್ತೂ ಅಲ್ಲ. ಪ್ರಾಪ್ತವಯಸ್ಕಳಾದ ಮಹಿಳೆಯ ಚಿಕಿತ್ಸೆಗೆ ಬೇಕಾದುದು ಆಕೆಯದೇ ಒಪ್ಪಿಗೆ. ಪ್ರಜ್ಞೆಯಿರುವ ಪ್ರಾಪ್ತವಯಸ್ಕಳ ಪರವಾಗಿ ಇನ್ನೊಬ್ಬರು ಕೊಟ್ಟ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತನ್ನ ಆಸ್ತಿಯನ್ನು ತಾನೇ ಮಾರಬಲ್ಲ ಹಕ್ಕನ್ನು ಮಹಿಳೆಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಕೊಟ್ಟ ಧರ್ಮದ ಅನುಯಾಯಿಗಳು, ತನ್ನ ಜೀವವನ್ನು ಉಳಿಸಿಕೊಳ್ಳುವ ಸಹಿಯನ್ನು ಆಕೆಯ ಕೈಗೆ ಕೊಡಲು ಹಿಂಜರಿಯುವುದು ವಿಪರ್ಯಾಸವಲ್ಲದೆ ಮತ್ತೇನು?

ಇಲ್ಲಿ ನಮ್ಮ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಆಸ್ಪತ್ರೆಗೆ ಹೋದರೆ ಸಾಕು, ಹೊಟ್ಟೆ ಕೊಯ್ಯುತ್ತಾರೆ ಎಂಬ ಭಯವೇ ಜನರನ್ನು ಹಿಂದೆಳೆಯುತ್ತದಲ್ಲವೇ? ಈ ಭಯ ನಿರಾಧಾರವಲ್ಲ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್ ಆಗಿದ್ದರೆ, ಸರಕಾರಿ ಆಸ್ಪತ್ರೆಗಳಲ್ಲಿ ಅದು ನಾಲ್ಕನೆಯ ಒಂದಕ್ಕಿಂತ ಕಡಿಮೆಯಿತ್ತು. ಈ ಅಂತರವನ್ನು ಪ್ರಶ್ನಿಸಲೇಬೇಕು. ಆದರೆ ಆ ಪ್ರಶ್ನೆಯನ್ನು ಗರ್ಭಿಣಿಯ ತಪಾಸಣೆಯ ದಿನಗಳಲ್ಲಿ, ಸಮಾಧಾನದಿಂದ, ವೈದ್ಯರ ಎದುರು ಕುಳಿತು ಕೇಳಬೇಕು. ರಕ್ತ ಹರಿಯುತ್ತಿರುವಾಗ ಹೊಸ್ತಿಲಲ್ಲಿ ನಿಂತು ಕೇಳುವುದಲ್ಲ.

ಇನ್ನು ಸರಕಾರದ ಹೊಣೆ. 2005ರ ಜನನಿ ಸುರಕ್ಷಾ ಯೋಜನೆ, 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್, ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮತ್ತು ಸಿಸೇರಿಯನ್ನನ್ನು ಉಚಿತಗೊಳಿಸಿದ 2011ರ ಕಾರ್ಯಕ್ರಮ, ಪ್ರತಿ ತಿಂಗಳ 9ರಂದು ಗರ್ಭಿಣಿಯರ ಉಚಿತ ತಪಾಸಣೆ ನಡೆಸುವ 2016ರ ಅಭಿಯಾನ - ಇವೆಲ್ಲವೂ ಸ್ವಾಗತಾರ್ಹ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟರು. ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯವೆದ್ದಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು. ಆ ತಾಯಂದಿರು ತಡಮಾಡಿರಲಿಲ್ಲ, ಆಸ್ಪತ್ರೆಯನ್ನು ನಂಬಿ ಬಂದವರು. ಬಡವರನ್ನು ಸರಕಾರಿ ಆಸ್ಪತ್ರೆಗೆ ಕರೆಯುವ ಆಡಳಿತವು ಅಲ್ಲಿ ಸುರಕ್ಷಿತ ಔಷಧವನ್ನು ಕೊಡದಿದ್ದರೆ ಆ ಕರೆಗೆ ಏನು ಬೆಲೆ?

ಆದ್ದರಿಂದ ನಮ್ಮ ಜನಪ್ರತಿನಿಧಿಗಳು ಇಫ್ತಾರ್ ಕೂಟಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆಗಳಿವೆ. ಬಂಟ್ವಾಳ ಮತ್ತು ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳಲ್ಲಿ, ಮೂಡುಬಿದಿರೆಯ ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಹೆರಿಗೆ ತಜ್ಞರೂ ಅರಿವಳಿಕೆ ತಜ್ಞರೂ ಸಿಗುತ್ತಾರೆಯೇ? ಅಲ್ಲಿ ರಕ್ತದ ಸಂಗ್ರಹವಿದೆಯೇ? ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಪಾಡಲಾಗುತ್ತಿದೆಯೇ? ಬೆಳಗಾವಿಯಲ್ಲಿ ಪರೀಕ್ಷೆಗೊಳಗಾದ ಆ ಅಳತೆಯ ಹಾಸು ನಮ್ಮ ಹೆರಿಗೆ ಕೋಣೆಗಳನ್ನು ತಲುಪಿದೆಯೇ? ಮೆರವಣಿಗೆಗೂ ಪ್ರತಿಭಟನೆಗೂ ಸಾವಿರಾರು ಮಂದಿಯನ್ನು ಸೇರಿಸಬಲ್ಲ ನಾವು, ತಾಲೂಕು ಆಸ್ಪತ್ರೆಗೆ ಒಬ್ಬ ಅರಿವಳಿಕೆ ತಜ್ಞರನ್ನು ಕೊಡಿ ಎಂದು ಎಂದಾದರೂ ಒಂದು ಮನವಿಯನ್ನು ಕೊಟ್ಟಿದ್ದೇವೆಯೇ? ಇದು ಮುಸ್ಲಿಮರ ಬೇಡಿಕೆ ಮಾತ್ರವಲ್ಲ. ಆ ಹೆರಿಗೆ ಕೋಣೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗಿರುವವಳು ಬಿಲ್ಲವರ, ಕ್ರೈಸ್ತರ, ಕೊರಗರ ಮನೆಯ ಮಗಳು. ದ್ವೇಷದ ರಾಜಕೀಯಕ್ಕೆ ಬಲಿಯಾಗಿರುವ ಈ ಜಿಲ್ಲೆಯಲ್ಲಿ ರಕ್ತದ ಚೀಲದ ಮೇಲೆ ಮಾತ್ರ ಇನ್ನೂ ಗುಂಪಿನ ಹೆಸರಿದೆಯೇ ಹೊರತು ಜಾತಿಯ ಹೆಸರಿಲ್ಲ.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ ಒಂದು ಮಾತು. ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ. ಮಸೀದಿಯ ಕಚೇರಿಯಲ್ಲಿ ಮಯ್ಯಿತ್ತಿನ ಸಾಮಾನುಗಳ ಪಟ್ಟಿ ಇದೆ. ಅದರ ಪಕ್ಕದಲ್ಲಿ ಊರಿನ ಯುವಕರ ರಕ್ತದ ಗುಂಪು ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿಯೂ ಇರಲಿ. ರಾತ್ರಿ ಯಾವ ಗಳಿಗೆಯಲ್ಲೂ ಹೊರಡಬಲ್ಲ ಎರಡು ವಾಹನಗಳನ್ನು ಗೊತ್ತುಪಡಿಸಿರಲಿ. ಗರ್ಭಿಣಿಗೂ ಹಾಲುಣಿಸುವ ತಾಯಿಗೂ ಆರೋಗ್ಯದ ಭಯವಿದ್ದರೆ ಉಪವಾಸದಲ್ಲಿ ವಿನಾಯಿತಿಯಿದೆಯೆಂಬುದನ್ನು ಖತೀಬರು ರಮಝಾನಿಗೆ ಮುಂಚೆಯೇ ಜುಮಾದಲ್ಲಿ ತಿಳಿಸಲಿ. ಗಲ್ಫಿಗೆ ಮರಳುವ ಗಂಡ, "ವೈದ್ಯರು ಹೇಳಿದಂತೆ ಮಾಡಿ, ನನ್ನನ್ನು ಕೇಳಲು ಕಾಯಬೇಡಿ" ಎಂದು ಹೆತ್ತವರ ಮುಂದೆ ಹೇಳಿಯೇ ವಿಮಾನ ಹತ್ತಲಿ. ಅಕೀಕಾದ ಆಡನ್ನು ಆರಿಸಲು ಸಂತೆ ಸಂತೆ ಸುತ್ತುವ ಕುಟುಂಬವು, ಸೊಸೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಾಯಿ ಕಾರ್ಡನ್ನು ತೆರೆದು ಒಮ್ಮೆಯಾದರೂ ನೋಡಲಿ. ಹೆರಿಗೆಯಾದ ಬಳಿಕದ ಮೊದಲ ಗಂಟೆಗಳಲ್ಲಿ ಸಿಹಿ ಹಂಚುವವರ ನಡುವೆ ಒಬ್ಬರಾದರೂ ತಾಯಿಯ ಹಾಸಿಗೆಯ ಬಳಿ ಕುಳಿತು ರಕ್ತಸ್ರಾವದ ಮೇಲೆ ಕಣ್ಣಿಡಲಿ.

ಆ ಸಹೋದರನ ಪ್ರಶ್ನೆಗೆ ಈಗ ಉತ್ತರಿಸಬೇಕಾದರೆ ನಾವು ಇಷ್ಟನ್ನು ಹೇಳುತ್ತೇವೆ. ಅವನ ಸಹೋದರಿಯ ಸ್ಥಾನವು ಅವಳ ಮತ್ತು ಅಲ್ಲಾಹನ ನಡುವಿನದು, ಅದರಲ್ಲಿ ನಮಗೆ ನಿರೀಕ್ಷೆಯಿದೆ. ಆದರೆ ಆ ಮಧ್ಯಾಹ್ನದಿಂದ ರಾತ್ರಿಯವರೆಗಿನ ಗಂಟೆಗಳು ಅವಳ ಲೆಕ್ಕದಲ್ಲಿಲ್ಲ, ನಮ್ಮ ಲೆಕ್ಕದಲ್ಲಿವೆ. ಅವುಗಳ ಬಗ್ಗೆ ವಿಚಾರಣೆ ನಡೆಯುವ ದಿನ ಬರುವ ಮುಂಚೆ, ಊರಿನಲ್ಲಿ ಈಗ ತುಂಬು ಗರ್ಭಿಣಿಯಾಗಿರುವ ಇನ್ನೊಬ್ಬಳು ಮಗಳಿಗಾಗಿ ನಾವು ಇಂದೇ ಎದ್ದು ನಿಲ್ಲೋಣ.